ತಂದೆಯೇ ಗುರುವಾದ ಮನೆಯಲ್ಲಿ

ಮೇ ತಿಂಗಳು ಕಳೆಯುತ್ತ ಬಂದಂತೆ ನಮ್ಮ ನೀಲಗಿರಿಯ ಸೀಮೆಯಲ್ಲಿ ಎರಡು ಸಂಗತಿಗಳು ಜೊತೆಜೊತೆಯಾಗಿಯೇ ಬರುತ್ತವೆ. ಒಂದು, ಗೂಡಲೂರಿನ ಕಣಿವೆಯಿಂದ ಮೇಲೇರುವ ಮುಂಗಾರಿನ ಮೋಡ. ಇನ್ನೊಂದು, ಪ್ಲಸ್ ಟು ಮುಗಿಸಿದ ಮಕ್ಕಳ ಮುಂದಿನ ಓದಿನ ಚಿಂತೆ. ಉದಕಮಂಡಲದಲ್ಲಾಗಲಿ, ಗೂಡಲೂರಿನಲ್ಲಾಗಲಿ, ಮಸಿನಗುಡಿಯಲ್ಲಾಗಲಿ, ಕನ್ನಡದ ಮನೆಯೊಳಗೆ ಈ ದಿನಗಳಲ್ಲಿ ಕಾಲಿಟ್ಟರೆ ಅಂಕಪಟ್ಟಿ ಮೇಜಿನ ಮೇಲಿರುತ್ತದೆ. ಊಟಿ, ಕೊಯಮತ್ತೂರು, ಮೈಸೂರು ಎಂಬ ಮೂರು ಊರುಗಳ ಹೆಸರು ಎಲ್ಲರ ಬಾಯಲ್ಲಿರುತ್ತದೆ.

ಅಂಥ ಮನೆಗಳಲ್ಲಿ ಒಂದನ್ನು ಓದುಗ ಬಂಧುಗಳು ಮನಸ್ಸಿಗೆ ತಂದುಕೊಳ್ಳಲಿ. ಆ ಮನೆಯ ಯಜಮಾನರು ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು. ಊರವರ ಬಾಯಲ್ಲಿ ಪಿ.ಟಿ. ಮಾಸ್ತರು. ಮಗಳು ಎತ್ತರದ ಹುಡುಗಿ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಜಿಲ್ಲೆಗೆಲ್ಲ ಹೆಸರಾದವಳು. ಅವಳಿಗೆ ಚೆಂಡು ಹಿಡಿಯುವುದನ್ನು ಕಲಿಸಿದವರು ತಂದೆ. ಬೆಳಗಿನ ಮಂಜಿನಲ್ಲಿ ಎಬ್ಬಿಸಿ ಸಿಮೆಂಟಿನ ಅಂಗಳಕ್ಕೆ ಕರೆದೊಯ್ದವರೂ ತಂದೆಯೇ. ಅಂಗಳದಲ್ಲಿ ಉಳಿದ ಮಕ್ಕಳಂತೆ ಅವಳೂ ಅವರನ್ನು ‘ಸಾರ್’ ಎಂದೇ ಕರೆಯಬೇಕು. ಮನೆಯ ಹೊಸ್ತಿಲು ದಾಟಿದ ಮೇಲೆ ಅವರು ‘ಅಪ್ಪ’. ಈಗ ಅವಳು ಕಾಲೇಜಿಗೆ ಹೋಗಬೇಕಾಗಿದೆ. ಯಾವ ಕಾಲೇಜಿನ ಪರವಾಗಿ ಆಡಬೇಕು? ಅದನ್ನು ಹೇಳಬೇಕಾದವರು ಯಾರು? ಸಾರ್ ಹೇಳಬೇಕೋ, ಅಪ್ಪ ಹೇಳಬೇಕೋ, ಮಗಳೇ ಹೇಳಬೇಕೋ?

ಈ ಮನೆ ನಾವು ಕಲ್ಪಿಸಿದ್ದು. ಆದರೆ ಪ್ರಶ್ನೆ ಕಲ್ಪನೆಯದಲ್ಲ. ಗುರುವೂ ತಂದೆಯೂ ಒಬ್ಬರೇ ಆಗಿರುವ ಮನೆಗಳಲ್ಲಿ ಇದು ಎಂದಾದರೊಂದು ದಿನ ಏಳಲೇಬೇಕಾದ ಪ್ರಶ್ನೆ. ಹಾಗೆ ಎದ್ದಾಗ ಏನೇನಾಯಿತು ಎಂಬುದನ್ನು ಕೆಲವು ನಿಜವಾದ ಮನೆಗಳ ಕಥೆಯಿಂದ ತಿಳಿದುಕೊಂಡು, ಅನಂತರ ನಮ್ಮ ಗಡಿನಾಡಿನ ಲೆಕ್ಕಕ್ಕೆ ಬರೋಣ.

ಮಾಸ್ತರರ ಆಟ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಬ್ಬ ಮಾಸ್ತರರ ಕೈಯಲ್ಲಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಬೇಸತ್ತ ಹುಡುಗರಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಗೆ ಹೊಡೆಸಿ, 13 ನಿಯಮಗಳನ್ನು ಬರೆದು ಈ ಆಟವನ್ನು ಕಟ್ಟಿದರು. ಅದೇ ಸಂಸ್ಥೆಯ ಮೂಲಕ ಆಟ ನಮ್ಮ ದೇಶಕ್ಕೂ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತ ಶಿಕ್ಷಕರು ದಕ್ಷಿಣದ ಶಾಲೆಗಳಿಗೆಲ್ಲ ಹರಡಿಕೊಂಡರು. ಶಾಲೆಯ ಅಂಗಳದಿಂದ ಅಂಗಳಕ್ಕೆ ಶಿಕ್ಷಕರೇ ಹೊತ್ತು ತಂದ ಆಟವಾದುದರಿಂದ, ಆ ಶಿಕ್ಷಕರ ಮಕ್ಕಳು ಈ ಅಂಗಳದಲ್ಲಿ ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ. ಮಗ್ಗದವರ ಮನೆಯ ಮಗು ನೂಲಿನೊಡನೆ ಬೆಳೆದಂತೆ ಈ ಮಕ್ಕಳು ಚೆಂಡಿನೊಡನೆ ಬೆಳೆಯುತ್ತವೆ.

ಆದರೆ ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಮಾತೂ ನಮ್ಮಲ್ಲಿದೆ. ‘ತನ್ನ ಮನೆಯ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಡದು’ ಎಂಬ ಮಾತೂ ಇದೆ. ಮೊದಲನೆಯದು ಮಕ್ಕಳಿಗೆ ಹೇಳಿದ್ದು, ಎರಡನೆಯದು ಹೆತ್ತವರಿಗೆ.

ಒಂದು ಮನೆಯ ಕಟ್ಟಾಜ್ಞೆ

ಕಾಲೇಜಿನ ಆಟವನ್ನು ನಾಡಹಬ್ಬದಂತೆ ಆಚರಿಸುವ ದೇಶ ಅಮೆರಿಕ. ಅಲ್ಲಿ ಒಳ್ಳೆಯ ಆಟಗಾರನಿಗೆ ಓದಿನ ಖರ್ಚು, ವಸತಿ, ಊಟ ಎಲ್ಲವನ್ನೂ ಕಾಲೇಜೇ ಕೊಟ್ಟು ಕರೆಯುವುದುಂಟು. ಆದುದರಿಂದ ಯಾವ ಕಾಲೇಜು ಎಂಬುದು ಅಲ್ಲಿ ಬಾಳಿನ ದೊಡ್ಡ ತೀರ್ಮಾನಗಳಲ್ಲಿ ಒಂದು.

ಪ್ರೆಸ್ ಮಾರವಿಚ್ ಎಂಬ ತರಬೇತುದಾರರಿಗೆ 1947ರಲ್ಲಿ ಪೀಟ್ ಎಂಬ ಮಗ ಹುಟ್ಟಿದ. ಅಮೆರಿಕಕ್ಕೆ ವಲಸೆ ಬಂದ ಸರ್ಬ್ ಜನಾಂಗದ ಬಡ ಮನೆತನದ ಪ್ರೆಸ್ ತಮಗೆ ದೊರೆಯದೆ ಹೋದ ಕೀರ್ತಿಯನ್ನು ಮಗನಿಗೆ ದೊರಕಿಸಲು ಹೊರಟರು. ಎಡಗೈ, ಬಲಗೈ, ಬೆನ್ನ ಹಿಂದೆ, ಕಾಲ ನಡುವೆ ಎಂದು ಚೆಂಡಾಡಿಸುವ ನೂರು ಬಗೆಯ ಅಭ್ಯಾಸಗಳನ್ನು ತಾವೇ ಹೆಣೆದು ಕಲಿಸಿದರು. ನಿಧಾನವಾಗಿ ಓಡುವ ಕಾರಿನ ಬಾಗಿಲಿನಿಂದ ಕೈಚಾಚಿ ರಸ್ತೆಯ ಮೇಲೆ ಚೆಂಡು ಪುಟಿಸುವುದು ಕೂಡ ಆ ಬಾಲಕನಿಗೆ ಪಾಠವಾಗಿತ್ತು.

1966ರಲ್ಲಿ ಮಗ ಕಾಲೇಜಿಗೆ ಹೋಗುವ ಕಾಲಕ್ಕೆ ತಂದೆಗೆ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರನ ಕೆಲಸ ದೊರೆಯಿತು. ಅದು ಫುಟ್‌ಬಾಲಿಗೆ ಹೆಸರಾದ ವಿಶ್ವವಿದ್ಯಾಲಯ, ಬ್ಯಾಸ್ಕೆಟ್‌ಬಾಲಿನಲ್ಲಿ ಹಿಂದುಳಿದದ್ದು. ಮಗನಿಗೆ ಮನಸ್ಸಿದ್ದುದು ವೆಸ್ಟ್ ವರ್ಜಿನಿಯ ವಿಶ್ವವಿದ್ಯಾಲಯದ ಮೇಲೆ. ತಂದೆ ಒಪ್ಪಲಿಲ್ಲ. ತನ್ನ ತಂಡಕ್ಕೆ ಆಡದಿದ್ದರೆ ಮನೆಯ ಬಾಗಿಲಿಗೆ ಬರಬೇಡ ಎಂಬ ಅರ್ಥದ ಮಾತನ್ನೇ ಆಡಿದರೆಂದು ಆ ಮನೆಯ ಕಥೆ ಹೇಳುತ್ತದೆ. ಮಗ ರುಜು ಹಾಕಿದ.

ಅನಂತರ ನಡೆದದ್ದು ಆಟದ ಇತಿಹಾಸ. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡಬಾರದೆಂಬ ನಿಯಮ ಆಗ ಇತ್ತು. ಮಗನಿಲ್ಲದ ಆ ವರ್ಷ ತಂದೆಯ ತಂಡ 3 ಪಂದ್ಯಗಳನ್ನು ಗೆದ್ದು 23ನ್ನು ಸೋತಿತು. ಮುಂದಿನ ಮೂರು ವರ್ಷಗಳಲ್ಲಿ ಪೀಟ್ 83 ಪಂದ್ಯಗಳನ್ನಾಡಿ 3,667 ಅಂಕ ಗಳಿಸಿದ. ಪಂದ್ಯಕ್ಕೆ ಸರಾಸರಿ 44.2. ದೂರದಿಂದ ಎಸೆದ ಚೆಂಡಿಗೆ ಮೂರು ಅಂಕ ಕೊಡುವ ಗೆರೆ ಆಗ ಇರಲೇ ಇಲ್ಲ. ಕ್ರೀಡಾಂಗಣಗಳು ತುಂಬಿ ತುಳುಕಿದವು.

ಹಾಗಾದರೆ ತಂದೆಯ ಹಟವೇ ಸರಿಯಾಯಿತಲ್ಲ ಎನ್ನಬಹುದು. ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು. ಆ ಮೂರು ವರ್ಷಗಳಲ್ಲಿ ತಂಡ ಒಮ್ಮೆಯೂ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ಪಿನ ಕಣಕ್ಕೆ ಆಯ್ಕೆಯಾಗಲಿಲ್ಲ. ಎಲ್ಲ ಭಾರವೂ ಒಬ್ಬನ ಹೆಗಲ ಮೇಲೆ, ಆ ಒಬ್ಬ ತರಬೇತುದಾರನ ಮಗ. ಗೆದ್ದರೆ ಮಗನ ಗೆಲುವು, ಸೋತರೆ ತಂದೆಯ ಪಕ್ಷಪಾತ ಎಂಬ ಮಾತು ಹುಟ್ಟಲು ಹೊತ್ತು ಹಿಡಿಯದು. ಮಗ 1970ರಲ್ಲಿ ಕಾಲೇಜು ಮುಗಿಸಿದ. 1972ರಲ್ಲಿ ತಂದೆಯ ಕೆಲಸ ಹೋಯಿತು. ಮುಂದೆ ವೃತ್ತಿ ಆಟಗಾರನಾಗಿ ಹಣ, ಹೆಸರು ಎಲ್ಲ ಬಂದರೂ ಬಹುಕಾಲ ತನಗೆ ನೆಮ್ಮದಿ ಇರಲಿಲ್ಲವೆಂದು ಪೀಟನೇ ತಿಳಿಸಿದ್ದಾನೆ.

ಆದರೂ ಆ ಮನೆಯ ಕೊನೆಯ ಪುಟ ಕಹಿಯಲ್ಲ. ತಂದೆ ಕ್ಯಾನ್ಸರಿನಿಂದ ಮಲಗಿದಾಗ ಬಳಿಯಲ್ಲಿದ್ದು ಶುಶ್ರೂಷೆ ಮಾಡಿದವನು ಆ ಮಗನೇ. 1987ರ ಏಪ್ರಿಲಿನಲ್ಲಿ ಪ್ರೆಸ್ ತೀರಿಕೊಂಡರು. ಮಗನಿಗೆ ಆಟದ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್ ಪ್ರವೇಶ ದೊರೆತದ್ದು ಕೆಲವೇ ವಾರಗಳ ಮೇಲೆ. ಮರುವರ್ಷ, 1988ರ ಜನವರಿ 5ರಂದು, ಗೆಳೆಯರೊಡನೆ ಸುಮ್ಮನೆ ಚೆಂಡಾಡುತ್ತಿದ್ದಾಗ ಪೀಟ್ ಕುಸಿದು ಬಿದ್ದು ತೀರಿಕೊಂಡ. ವಯಸ್ಸು 40. ಹುಟ್ಟಿನಿಂದಲೇ ಹೃದಯದ ಒಂದು ಮುಖ್ಯ ರಕ್ತನಾಳ ಇಲ್ಲದಿದ್ದುದು ಮರಣಾನಂತರ ತಿಳಿಯಿತು. ಅಷ್ಟು ವರ್ಷ ಆ ದೇಹದ ಪ್ರತಿಯೊಂದು ಚಲನೆಯನ್ನೂ ತಿದ್ದಿದ ತಂದೆಗೂ ಈ ಒಂದು ಸಂಗತಿ ತಿಳಿದಿರಲಿಲ್ಲ. ಮಕ್ಕಳನ್ನು ನಾವು ಪೂರ್ತಿ ಬಲ್ಲೆವೆಂಬ ಅಭಿಮಾನ ಯಾವ ಹೆತ್ತವರಿಗೂ ಸಲ್ಲದು.

ಇನ್ನೆರಡು ಮನೆಗಳು

ಪೀಟನ ಅಂಕಗಳ ದಾಖಲೆಯನ್ನು ಪುರುಷರ ಕಾಲೇಜು ಆಟದಲ್ಲಿ ಮುಟ್ಟುವಷ್ಟು ಹತ್ತಿರ ಬಂದವನೂ ಒಬ್ಬ ತರಬೇತುದಾರನ ಮಗನೇ ಎಂಬುದು ವಿಚಿತ್ರ. ಅಂಟ್ವಾನ್ ಡೇವಿಸ್ ಎಂಬ ಆ ಯುವಕ ಹೂಸ್ಟನ್ ವಿಶ್ವವಿದ್ಯಾಲಯಕ್ಕೆ ಮಾತು ಕೊಟ್ಟಿದ್ದ. 2018ರಲ್ಲಿ ತಂದೆ ಮೈಕ್ ಡೇವಿಸ್ ಡೆಟ್ರಾಯ್ಟ್ ಮರ್ಸಿ ವಿಶ್ವವಿದ್ಯಾಲಯದ ತರಬೇತುದಾರರಾದಾಗ ಆ ಮಾತನ್ನು ಹಿಂತೆಗೆದುಕೊಂಡು ತಂದೆಯ ತಂಡಕ್ಕೆ ಬಂದ. ಐದು ವರ್ಷಗಳಲ್ಲಿ 144 ಪಂದ್ಯಗಳನ್ನಾಡಿ 3,664 ಅಂಕ ಗಳಿಸಿದ. ದಾಖಲೆಗೆ ಮೂರೇ ಅಂಕ ಕಡಿಮೆ! 2023ರ ಮಾರ್ಚಿನಲ್ಲಿ ಸೋಲಿನೊಂದಿಗೆ ಅವನ ಕಾಲೇಜು ಆಟ ಮುಗಿಯಿತು. ಮರುವರ್ಷ ಕೈಟ್ಲಿನ್ ಕ್ಲಾರ್ಕ್ ಎಂಬ ಯುವತಿ ಮಹಿಳೆಯರ ಆಟದಲ್ಲಿ ಪೀಟನ ಸಂಖ್ಯೆಯನ್ನೇ ದಾಟಿ 3,951 ಅಂಕಗಳಲ್ಲಿ ನಿಂತಳು. ಹೆಣ್ಣುಮಕ್ಕಳ ಆಟವೆಂದು ಹಗುರವಾಗಿ ಮಾತನಾಡುವವರಿಗೆ ಈ ಸಂಖ್ಯೆಯೇ ಉತ್ತರ.

ನಮಗೆ ಇದಕ್ಕಿಂತ ಹಿತವೆನಿಸಿದ್ದು ಮೆಕ್‌ಡರ್ಮಟ್ ಅವರ ಮನೆಯ ಕಥೆ. ಗ್ರೆಗ್ ಮೆಕ್‌ಡರ್ಮಟ್ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದಾಗ ತಮ್ಮ ಮಗ ಡಗ್‌ನನ್ನು ತಮ್ಮ ತಂಡಕ್ಕೆ ಕರೆಯಲಿಲ್ಲ. ಅಷ್ಟು ದೊಡ್ಡ ಆಟಕ್ಕೆ ಅವನು ಸಾಲನೆಂದು ಎಣಿಸಿದ್ದರು. ಮಗ ಬೇಸರಿಸದೆ ಹತ್ತಿರದ ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯಕ್ಕೆ ರುಜು ಹಾಕಿದ. 2010ರಲ್ಲಿ ತಂದೆ ಕ್ರೈಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ನಾರ್ದರ್ನ್ ಅಯೋವಾದವರು ಹುಡುಗನನ್ನು ಕರಾರಿನಿಂದ ಬಿಡುಗಡೆ ಮಾಡಿದರು. ಅವನು ತಂದೆಯ ಬಳಿಗೆ ಹೋದ. ಸಾಲದವನೆಂದು ತಂದೆ ಎಣಿಸಿದ್ದ ಆ ಮಗ 2014ರಲ್ಲಿ ಕಾಲೇಜು ಮುಗಿಸುವಾಗ 3,150 ಅಂಕ ಗಳಿಸಿ, ಆ ವರ್ಷದ ದೇಶದ ಶ್ರೇಷ್ಠ ಕಾಲೇಜು ಆಟಗಾರನೆನಿಸಿದ. ಕೊನೆಯ ವರ್ಷ ಗಾಯದಿಂದ ಆಟ ತಪ್ಪಿಸಿಕೊಂಡಿದ್ದ ಹಿರಿಯ ಸಂಗಾತಿಯೊಬ್ಬನಿಗೆ ಮತ್ತೊಂದು ವರ್ಷ ಆಡಲು ಅನುಮತಿ ದೊರೆತು, ವಿದ್ಯಾರ್ಥಿವೇತನದ ಸ್ಥಾನ ಮಾತ್ರ ಉಳಿದಿರಲಿಲ್ಲ. ಡಗ್ ತನ್ನ ವಿದ್ಯಾರ್ಥಿವೇತನವನ್ನು ಬಿಟ್ಟುಕೊಟ್ಟ; ಅವನ ಶುಲ್ಕವನ್ನು ಮನೆಯವರು ಕಟ್ಟಿದರು.

ಈ ಕಥೆಗಳಿಂದ ತಂದೆಯ ಬಳಿ ಆಡಬಾರದೆಂಬ ನೀತಿ ಹೊರಡುವುದಿಲ್ಲ. ಆಡಬೇಕೆಂಬ ನೀತಿಯೂ ಹೊರಡುವುದಿಲ್ಲ. ಅಂಕಗಳು ಆಜ್ಞೆಗೆ ಮಣಿದ ಮಗನಿಗೂ ಬಂದವು, ತಾನಾಗಿ ಬಂದ ಮಗನಿಗೂ ಬಂದವು. ನೆಮ್ಮದಿಯ ಮಾತು ಬಂದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ಬೆಟ್ಟದಿಂದ ಕೆಳಗಿಳಿದ ಮಗು

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಬೇರೊಂದು ಆಟದಲ್ಲಿದೆ. ಹಿಮಾಲಯದ ಮಡಿಲಿನ ಆಲ್ಮೋರ ನಮ್ಮ ಊಟಿಯಂತೆಯೇ ಬೆಟ್ಟದ ಊರು. ಅಲ್ಲಿ ಡಿ.ಕೆ. ಸೇನ್ ಎಂಬವರು ಭಾರತೀಯ ಕ್ರೀಡಾ ಪ್ರಾಧಿಕಾರದ ಬ್ಯಾಡ್ಮಿಂಟನ್ ತರಬೇತುದಾರರಾಗಿದ್ದರು. ಮಗ ಲಕ್ಷ್ಯ ಸೇನ್‌ಗೆ ಮೊದಲ ಪಾಠ ಹೇಳಿಕೊಟ್ಟವರು ಅವರೇ. ಆದರೆ ಮಗನನ್ನು ತಮ್ಮ ಅಂಗಳದಲ್ಲೇ ಇರಿಸಿಕೊಳ್ಳದೆ ಎಳೆಯ ವಯಸ್ಸಿನಲ್ಲೇ ಬೆಂಗಳೂರಿನ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಅಕಾಡೆಮಿಗೆ ಕಳುಹಿಸಿದರು. ಆ ಅಕಾಡೆಮಿ 1994ರಲ್ಲಿ ಹುಟ್ಟಿದ್ದು. ಪ್ರಕಾಶರೂ ಅಂಥದೇ ಮನೆಯಿಂದ ಬಂದವರು. ಅವರ ತಂದೆ ರಮೇಶ್ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯನ್ನು ಕಟ್ಟಿದವರು, ಮಗನನ್ನು ಆಟಕ್ಕೆ ಕರೆತಂದವರು. ಆಲ್ಮೋರದ ಸೇನ್ ಅವರು ಮುಂದೆ ತಾವೂ ಬೆಂಗಳೂರಿಗೆ ಬಂದು ಅದೇ ಅಕಾಡೆಮಿಯಲ್ಲಿ ತರಬೇತುದಾರರಾದರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲಕ್ಷ್ಯನಿಗೆ ಚಿನ್ನ ಬಂತು. ಮಗನನ್ನು ಇನ್ನೊಬ್ಬ ಗುರುವಿನ ಕೈಗೆ ಒಪ್ಪಿಸುವುದು ತನ್ನ ವಿದ್ಯೆಯ ಸೋಲಲ್ಲ, ಅದೂ ವಿದ್ಯೆಯ ಒಂದು ಭಾಗ ಎಂದು ಆ ತಂದೆ ತಿಳಿದಿದ್ದರೆಂದು ನಾವು ಭಾವಿಸುತ್ತೇವೆ.

ಬ್ಯಾಸ್ಕೆಟ್‌ಬಾಲಿನಲ್ಲಿ ದೂರದ ದಾರಿಯೂ ಈಗ ತೆರೆದಿದೆ. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಸೇರಿ ಅಲ್ಲಿನ ಮೊದಲ ದರ್ಜೆಯ ಕಾಲೇಜು ಆಟ ಆಡಿದರು. ಆ ವಿಶ್ವವಿದ್ಯಾಲಯವಿರುವ ಫ್ಲ್ಯಾಗ್‌ಸ್ಟಾಫ್ ಸುಮಾರು 2,100 ಮೀಟರ್ ಎತ್ತರದ ಊರು. ನಮ್ಮ ಊಟಿ ಸುಮಾರು 2,240 ಮೀಟರ್. ಆ ದಾರಿ ಹಿಡಿಯಬಯಸುವವರು ಒಂದು ಮಾತು ನೆನಪಿಡಬೇಕು. ಅಲ್ಲಿನ ಅರ್ಹತೆಗೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಪಾಠಗಳನ್ನೂ ಅಂಕಗಳನ್ನೂ ಎಣಿಸುತ್ತಾರೆ. ಪ್ಲಸ್ ಟು ಮುಗಿದ ಮೇಲೆ ಯೋಚಿಸಲು ಹೊರಟರೆ ಹೊತ್ತು ಮೀರಿರುತ್ತದೆ.

ನಮ್ಮ ಗಡಿಯ ಲೆಕ್ಕ

ಇನ್ನು ನಮ್ಮ ಮಾಸ್ತರರ ಮನೆಗೆ ಮರಳೋಣ. ಅಲ್ಲಿ ಮೂರು ಊರುಗಳ ಮಾತು ನಡೆದಿತ್ತಷ್ಟೆ. ಕಾಲೇಜನ್ನು ಆರಿಸುವುದೆಂದರೆ ಆಟದ ಮಟ್ಟಿಗೆ ವಿಶ್ವವಿದ್ಯಾಲಯವನ್ನೇ ಆರಿಸಿದಂತೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಕಾಲೇಜಿನ ತಂಡದಿಂದ ಅಂತರ ಕಾಲೇಜು ಪಂದ್ಯ, ಅಲ್ಲಿಂದ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ದಕ್ಷಿಣ ವಲಯ, ವಲಯದಲ್ಲಿ ಮೇಲೆ ಬಂದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ: ಇದು ಏಣಿ. 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಸೇರಿದೆ. ಅದರ ಎರಡನೆಯ ಕೂಟ 2022ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. 1955ರಲ್ಲಿ ಆರಂಭವಾದ ಊಟಿಯ ಸರಕಾರಿ ಕಲಾ ಕಾಲೇಜಿಗೆ ಸೇರಿದರೆ ಮೇಲಿನ ಮೆಟ್ಟಿಲು ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯ. ಮೈಸೂರಿನ ಕಾಲೇಜಿಗೆ ಸೇರಿದರೆ 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ.

ಎರಡನೆಯ ಲೆಕ್ಕ ಗಡಿಯದು. ತಮಿಳುನಾಡಿನಲ್ಲಿ ಹುಟ್ಟಿ, ಇಲ್ಲಿಯೇ ಓದಿದ ಕನ್ನಡದ ಮಗು ಕರ್ನಾಟಕದ ಪ್ರವೇಶ ಪಟ್ಟಿಯಲ್ಲಿ ಹೊರಗಿನ ಅಭ್ಯರ್ಥಿಯಾಗಿಬಿಡುವ ಸಂಭವವುಂಟು. ಕ್ರೀಡಾ ಮೀಸಲಾತಿಯೂ ಆಗ ಕೈತಪ್ಪಬಹುದು. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರೆಂಬ ಪ್ರತ್ಯೇಕ ವರ್ಗಗಳಿವೆ. ನಿಮ್ಮ ತಾಲ್ಲೂಕು ಅದರಲ್ಲಿ ಸೇರುತ್ತದೆಯೇ, ಯಾವ ಪ್ರಮಾಣಪತ್ರ ಬೇಕು ಎಂಬುದನ್ನು ಆ ವರ್ಷದ ಪ್ರವೇಶ ಕೈಪಿಡಿಯಲ್ಲೇ ಓದಿಕೊಳ್ಳಬೇಕು, ಬಾಯಿಮಾತನ್ನು ನಂಬಬಾರದು. ರಾಜ್ಯದ ತಂಡಕ್ಕೆ ಆಡುವ ಆಸೆಯಿದ್ದರೆ ರಾಜ್ಯ ಬದಲಿಸುವುದರ ಪರಿಣಾಮವನ್ನು ಎರಡೂ ರಾಜ್ಯಗಳ ಬ್ಯಾಸ್ಕೆಟ್‌ಬಾಲ್ ಸಂಸ್ಥೆಗಳಲ್ಲಿ ಮೊದಲೇ ವಿಚಾರಿಸಬೇಕು.

ಮೂರನೆಯದು ದಾರಿಯ ಲೆಕ್ಕ. ಊಟಿಯಿಂದ ಕೊಯಮತ್ತೂರಿಗೆ ಸುಮಾರು 85 ಕಿಲೋಮೀಟರ್, ಗೂಡಲೂರಿನಿಂದ ಮೈಸೂರಿಗೆ ಸುಮಾರು 110. ಅಂತರ ಹೆಚ್ಚಲ್ಲ. ಆದರೆ ಬಂಡೀಪುರದ ಕಾಡಿನ ದಾರಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಸಂಜೆ ಪಂದ್ಯ ಮುಗಿಸಿದ ಹೆಣ್ಣುಮಗಳು ಆ ರಾತ್ರಿಯೇ ಮಸಿನಗುಡಿಯ ಮನೆಗೆ ಬಂದೇನೆಂದರೆ ಆಗದು. ಹಾಸ್ಟೆಲಿನ ವ್ಯವಸ್ಥೆ ಹೇಗಿದೆ, ತಂಡದೊಡನೆ ಪರವೂರಿಗೆ ಹೋಗುವಾಗ ಮಹಿಳಾ ಅಧ್ಯಾಪಕರು ಜೊತೆಗಿರುತ್ತಾರೆಯೇ ಎಂಬುದನ್ನು ತಾಯಿ ಕೇಳಿದರೆ ಅದು ಅಂಜಿಕೆಯ ಮಾತಲ್ಲ, ವಿವೇಕದ ಮಾತು. ಈ ಮನೆಗಳಲ್ಲಿ ಆಟದ ಮಾತೆಲ್ಲ ತಂದೆಯದಾಗಿ, ತಾಯಿಯ ಪ್ರಶ್ನೆಗಳು ಒಲೆಯ ಮುಂದೆಯೇ ಉಳಿದುಬಿಡುವುದುಂಟು.

ನಾಲ್ಕನೆಯದನ್ನು ತರಬೇತುದಾರರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ತಂಡದಲ್ಲಿ 12 ಮಂದಿ, ಅಂಗಳದಲ್ಲಿ ಐವರು, ಆಟ 40 ನಿಮಿಷ. ಹೆಸರಾದ ಕಾಲೇಜಿನ ಬೆಂಚಿನ ಮೇಲೆ ಮೂರು ವರ್ಷ ಕೂರುವುದು ಲೇಸೋ, ಸಾಮಾನ್ಯ ಕಾಲೇಜಿನಲ್ಲಿ ಮೊದಲ ದಿನದಿಂದ ಆಡುವುದು ಲೇಸೋ? ಮಳೆಗಾಲವೆಲ್ಲ ತೊಯ್ದಿರುವ ಬಯಲಂಗಳವೋ, ಮಾಡಿನ ಕೆಳಗಿನ ಅಂಗಳವೋ? ಇದಕ್ಕೆ ಕಣ್ಣಾರೆ ನೋಡಿದ ಉತ್ತರ ಬೇಕು. ಅಭ್ಯಾಸದ ಹೊತ್ತಿನಲ್ಲಿ ಹೋಗಿ ಒಂದು ಮೂಲೆಯಲ್ಲಿ ಕುಳಿತು ನೋಡಿದರೆ ಒಂದು ಗಂಟೆಯಲ್ಲಿ ಎಷ್ಟೋ ತಿಳಿಯುತ್ತದೆ.

ಕೊನೆಯದಾಗಿ, ಮೊಣಕಾಲು. ಒಂದು ತಪ್ಪು ಹೆಜ್ಜೆಗೆ ಆಟ ನಿಲ್ಲಬಹುದು. ಆಟ ನಿಂತ ಮರುದಿನವೂ ಆ ಕಾಲೇಜಿನಲ್ಲಿ, ಆ ವಿಷಯದಲ್ಲಿ ಓದು ಮುಂದುವರಿಸಲು ಮಗಳಿಗೆ ಮನಸ್ಸಿದೆಯೇ? ಇದ್ದರೆ ಆಯ್ಕೆ ಗಟ್ಟಿಯಾದುದು.

ಸಾರ್ ಮತ್ತು ಅಪ್ಪ

ಇಷ್ಟನ್ನೂ ಕಲೆಹಾಕಿ ಮಗಳ ಮುಂದೆ ಇಡುವುದು ‘ಸಾರ್’ ಮಾಡಬೇಕಾದ ಕೆಲಸ. ಅಂಥ ಗುರು ಮನೆಯಲ್ಲೇ ಇರುವುದು ಆ ಮಗುವಿನ ಭಾಗ್ಯ. ಹಿತ್ತಲ ಗಿಡ ಇಲ್ಲಿ ನಿಜವಾಗಿಯೂ ಮದ್ದೇ. ಮಗಳ ಆಟದ ಕೊರತೆಯನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಲಿ. ಮೆಕ್‌ಡರ್ಮಟ್ ತಂದೆಯಂತೆ ತಮ್ಮ ಅಂದಾಜೂ ತಪ್ಪಾಗಬಹುದೆಂಬ ಅರಿವಿನಿಂದ ಹೇಳಲಿ. ಆದರೆ ಹೇಳಿ ಮುಗಿದ ಮೇಲೆ ಸಾರ್ ಎದ್ದು ಹೋಗಬೇಕು. ಆ ಕುರ್ಚಿಯಲ್ಲಿ ಅಪ್ಪ ಬಂದು ಕೂರಬೇಕು. ಅಪ್ಪನಿಗೆ ಕೇಳಲು ಒಂದೇ ಪ್ರಶ್ನೆ ಇರಬೇಕು: ‘ನಿನ್ನ ಮನಸ್ಸು ಎಲ್ಲಿದೆ, ಮಗಳೇ?’

ಅವಳ ಉತ್ತರ ತಂದೆ ಎಣಿಸಿದ್ದೇ ಆಗಬಹುದು, ಆಗದಿರಬಹುದು. ತಂದೆಯ ಊರಿನಲ್ಲೇ ಉಳಿಯುತ್ತೇನೆಂದರೂ ಅದು ಅವಳ ಮಾತಾಗಿರಬೇಕು. ಹೊರಡುತ್ತೇನೆಂದರೆ, ಹೊಸ ಗುರುವಿಗೆ ದಿನಬೆಳಗಾದರೆ ಫೋನು ಮಾಡಿ ಸಲಹೆ ಕೊಡುವ ಆಸೆಯನ್ನು ತಂದೆ ಬಿಡಬೇಕು. ರಜೆಗೆ ಬಂದಾಗ ಊಟದ ಎಲೆಯ ಮುಂದೆ, ಎಷ್ಟು ಅಂಕ ಗಳಿಸಿದೆ ಎಂಬುದಕ್ಕಿಂತ ಮೊದಲು, ಹೊಟ್ಟೆ ತುಂಬ ಉಣ್ಣುತ್ತೀಯಾ ಎಂದು ಕೇಳಬೇಕು.

ಲೂಯಿಸಿಯಾನದ ಆ ಮನೆಯಲ್ಲಿ 3,667 ಅಂಕಗಳಿದ್ದವು. ಆ ಮಗ 1966ರಲ್ಲಿ ಬೇರೆ ಕಾಲೇಜಿಗೆ ಹೋಗಿದ್ದರೆ ಎಷ್ಟಾಗುತ್ತಿತ್ತೋ ಯಾರೂ ಹೇಳಲಾರರು. ಹೋಗಿ ಬಂದಾಗ ಮನೆಯ ಬಾಗಿಲು ತೆರೆದಿರುತ್ತದೆ ಎಂಬ ಒಂದು ಮಾತು ಮಾತ್ರ ಆ ಹುಡುಗನಿಗೆ ದೊರೆಯಬೇಕಾಗಿತ್ತು. ನಮ್ಮ ಬೆಟ್ಟದ ಮನೆಗಳಿಂದ ಈ ಜೂನಿನಲ್ಲಿ ಹೊರಡುವ ಮಕ್ಕಳಿಗೆ, ಅವರು ಊಟಿಗೇ ಹೋಗಲಿ, ಕೊಯಮತ್ತೂರಿಗೋ ಮೈಸೂರಿಗೋ ಇಳಿಯಲಿ, ಆ ಮಾತು ಕೇಳುವ ಮೊದಲೇ ದೊರೆಯಲಿ.